ತಂತಿಗೆ ದನಿಯಿತ್ತವನು

ಎರಡು ಸಣ್ಣ ತಾಮ್ರದ ತಂತಿಗಳನ್ನು ಒಂದಕ್ಕೊಂದು ಹೊಸೆದು ಮಾಡಿದ ಒಂದು ಜೋಡಿ. ನೋಡುವವರ ಕಣ್ಣಿಗೆ ಅದು ಅತಿ ಸಾಮಾನ್ಯವಾದ ವಸ್ತು. ಆದರೆ ಮನುಷ್ಯನ ಮಾತು ನೂರು ವರ್ಷಗಳಿಗೂ ಮಿಕ್ಕಿ ಮನೆಯಿಂದ ಮನೆಗೆ, ಊರಿಂದ ಊರಿಗೆ ಹರಿದುದು ಈ ಜೋಡಿ ತಂತಿಯ ಮೂಲಕ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದೇ ತಂತಿ ಮಾತಿನೊಡನೆ ಬರಹವನ್ನೂ ಚಿತ್ರವನ್ನೂ ಸಂಗೀತವನ್ನೂ ಅತಿ ವೇಗದಿಂದ ಹೊತ್ತು ತರತೊಡಗಿತು. ಬ್ರಾಡ್‌ಬ್ಯಾಂಡ್ ಎಂಬ ಹೆಸರಿನ ವೇಗದ ಅಂತರಜಾಲವು ಲಕ್ಷಾಂತರ ಮನೆಗಳನ್ನು ಮೊದಲು ಹೊಕ್ಕುದು ಹಳೆಯ ದೂರವಾಣಿಯ ದಾರಿಯಲ್ಲಿಯೇ. ಆ ದಾರಿಯನ್ನು ತೆರೆದವರಲ್ಲಿ ಮುಖ್ಯನಾದವನು ಅಲೆಕ್ಸಾಂಡರ್ ಗ್ರಹಾಂ ಬೆಲ್.

ಬೆಲ್ಲನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1847ನೆಯ ಇಸವಿ ಮಾರ್ಚ್ 3ರಂದು ಜನಿಸಿದನು. ಅವನ ಮನೆತನಕ್ಕೆ ಮಾತೇ ವೃತ್ತಿ. ಶುದ್ಧವಾದ ಉಚ್ಚಾರಣೆಯನ್ನೂ ಭಾಷಣಕಲೆಯನ್ನೂ ಕಲಿಸುವುದರಲ್ಲಿ ತಾತನು ಹೆಸರಾದವನು. ತಂದೆ ಮೆಲ್ವಿಲ್ ಬೆಲ್ಲನು ಅದೇ ವಿದ್ಯೆಯಲ್ಲಿ ಇನ್ನೂ ಮುಂದುವರಿದವನು. ನಾಲಗೆ, ತುಟಿ, ಗಂಟಲುಗಳು ಒಂದೊಂದು ಧ್ವನಿಯನ್ನು ಹೊರಡಿಸುವಾಗ ಹೇಗೆ ನಿಲ್ಲುತ್ತವೆಂಬುದನ್ನು ಗುರುತುಗಳ ಮೂಲಕ ತೋರಿಸುವ ಒಂದು ಲಿಪಿಯನ್ನು ಅವನು ರಚಿಸಿದ್ದನು. ಕಣ್ಣಿಗೆ ಕಾಣುವ ಮಾತು ಎಂಬುದೇ ಅದರ ಹೆಸರು. ತಾಯಿ ಎಲೈಝಾ ಚಿತ್ರಕಲೆಯನ್ನು ಬಲ್ಲವಳು, ಪಿಯಾನೋ ವಾದನದಲ್ಲಿ ನಿಪುಣೆ. ಆದರೆ ಆಕೆಯ ಶ್ರವಣಶಕ್ತಿ ಬಹುಮಟ್ಟಿಗೆ ನಷ್ಟವಾಗಿತ್ತು. ಇತರರು ಆಕೆಯ ಕಿವಿಗೆ ಹಿಡಿದ ಕೊಳವೆಯೊಳಗೆ ಕೂಗಿ ಮಾತನಾಡುತ್ತಿದ್ದರೆ, ಬಾಲಕ ಬೆಲ್ಲನು ತಾಯಿಯ ಹಣೆಯ ಬಳಿ ಬಾಯಿಟ್ಟು ತಗ್ಗಿದ, ಸ್ಪಷ್ಟವಾದ ಸ್ವರದಲ್ಲಿ ಮಾತನಾಡುತ್ತಿದ್ದನು. ಧ್ವನಿಯ ಕಂಪನವು ಮೂಳೆಯ ಮೂಲಕ ಆಕೆಗೆ ಮುಟ್ಟುತ್ತಿತ್ತು. ಧ್ವನಿಯೆಂದರೆ ಕೇವಲ ಕಿವಿಯ ವಿಷಯವಲ್ಲ, ಅದು ವಸ್ತುಗಳನ್ನು ನಡುಗಿಸಬಲ್ಲ ಶಕ್ತಿ ಎಂಬ ಪಾಠವು ಅವನಿಗೆ ಮನೆಯಲ್ಲಿಯೇ ದೊರೆಯಿತು.

ಶಾಲೆಯ ಓದಿನಲ್ಲಿ ಬೆಲ್ಲನು ಹೇಳಿಕೊಳ್ಳುವಂತಹ ಕೀರ್ತಿಯನ್ನು ಪಡೆಯಲಿಲ್ಲ. ಅವನ ಚಟುವಟಿಕೆಯೆಲ್ಲ ಶಾಲೆಯ ಹೊರಗೆ. ಗೆಳೆಯನ ತಂದೆ ನಡೆಸುತ್ತಿದ್ದ ಹಿಟ್ಟಿನ ಗಿರಣಿಯಲ್ಲಿ ಹುಡುಗರು ಗದ್ದಲ ಮಾಡುತ್ತಿದ್ದಾಗ, ಗಿರಣಿಯವನು ಏನಾದರೂ ಉಪಯುಕ್ತವಾದ ಕೆಲಸವನ್ನು ಮಾಡಬಾರದೇಕೆಂದು ಕೇಳಿದನಂತೆ. ಸುಮಾರು ಹನ್ನೆರಡು ವರ್ಷದ ಬೆಲ್ಲನು ಗೋಧಿಯ ಹೊಟ್ಟನ್ನು ಬಿಡಿಸುವ ತಿರುಗುಯಂತ್ರವೊಂದನ್ನು ರಚಿಸಿಕೊಟ್ಟನು. ಅದು ಗಿರಣಿಯಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಮುಂದೆ ಅಣ್ಣನೊಡನೆ ಸೇರಿ ಅವನು ಮನುಷ್ಯನ ಗಂಟಲು, ನಾಲಗೆ, ತುಟಿಗಳ ಮಾದರಿಯುಳ್ಳ ಮಾತಾಡುವ ಯಂತ್ರವೊಂದನ್ನು ಮಾಡಿದನು. ಗಾಳಿಯೂದಿದರೆ ಅದು ತಾಯಿಯನ್ನು ಕರೆಯುವ ಶಿಶುವಿನಂತೆ ಕೂಗುತ್ತಿತ್ತು. ಮನೆಯ ನಾಯಿಯು ಗುರುಗುಟ್ಟುವಾಗ ಅದರ ದವಡೆಯನ್ನು ಕೈಯಿಂದ ಒತ್ತಿ, ಅದರಿಂದ ಮಾತಿನಂತಹ ಧ್ವನಿಗಳನ್ನು ಹೊರಡಿಸಿ ನೆರೆಹೊರೆಯವರನ್ನು ಬೆರಗುಗೊಳಿಸಿದ್ದೂ ಉಂಟು. ಇವೆಲ್ಲ ಆಟಗಳಂತೆ ಕಂಡರೂ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದ್ದುವು: ಮಾತು ಹುಟ್ಟುವುದು ಹೇಗೆ?

ಸಂತೋಷದಿಂದ ಕೂಡಿದ್ದ ಆ ಸಂಸಾರದ ಮೇಲೆ ವಿಪತ್ತು ಎರಗಿತು. 1867ರಲ್ಲಿ ತಮ್ಮನೂ 1870ರಲ್ಲಿ ಅಣ್ಣನೂ ಕ್ಷಯರೋಗಕ್ಕೆ ಬಲಿಯಾದರು. ಉಳಿದೊಬ್ಬ ಮಗನ ಆರೋಗ್ಯವೂ ಕೆಡುತ್ತಿರುವುದನ್ನು ಕಂಡ ತಂದೆತಾಯಿಗಳು ಇದ್ದ ಮನೆಮಾರುಗಳನ್ನು ತೊರೆದು, 1870ರಲ್ಲಿಯೇ ಸಮುದ್ರವನ್ನು ದಾಟಿ, ಕೆನಡಾ ದೇಶದ ಬ್ರ್ಯಾಂಟ್‌ಫರ್ಡ್ ಎಂಬ ಊರಿನ ಬಳಿ ನೆಲಸಿದರು. ಅಲ್ಲಿಯ ತಿಳಿಗಾಳಿಯಲ್ಲಿ ಬೆಲ್ಲನು ಚೇತರಿಸಿಕೊಂಡನು. ಮರುವರ್ಷ ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ ಕಿವುಡ ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯನಾದನು. ತಂದೆಯ ಲಿಪಿಯ ನೆರವಿನಿಂದ, ಎಂದೂ ಧ್ವನಿಯನ್ನು ಕೇಳದ ಮಕ್ಕಳಿಗೆ ಧ್ವನಿಯನ್ನು ಹೊರಡಿಸಲು ಕಲಿಸುವುದು ಅವನ ಕೆಲಸ. 1873ರಲ್ಲಿ ಅವನು ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಧ್ವನಿಶಾಸ್ತ್ರದ ಪ್ರಾಧ್ಯಾಪಕನಾದನು. ಹಗಲು ಪಾಠ, ರಾತ್ರಿ ಪ್ರಯೋಗ. ನಿದ್ರೆಗೆ ಅವನ ದಿನಚರಿಯಲ್ಲಿ ಸ್ಥಳ ಕಡಿಮೆ.

ಆ ಪ್ರಯೋಗಗಳ ಮೂಲದಲ್ಲಿ ಒಂದು ತಪ್ಪು ತಿಳಿವಳಿಕೆಯಿತ್ತೆಂಬುದು ಸ್ವಾರಸ್ಯವಾದ ಸಂಗತಿ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸನು ವಿದ್ಯುತ್ತಿನಿಂದ ನಡೆಯುವ ಶ್ರುತಿಕವೆಗಳನ್ನು ಬಳಸಿ ಸ್ವರಗಳನ್ನು ಕೃತಕವಾಗಿ ಹೊರಡಿಸಿದ್ದನು. ಜರ್ಮನ್ ಭಾಷೆಯನ್ನು ಚೆನ್ನಾಗಿ ಅರಿಯದ ಬೆಲ್ಲನು ಆ ಗ್ರಂಥವನ್ನು ನೋಡಿ, ಸ್ವರಗಳನ್ನು ತಂತಿಯ ಮೂಲಕ ದೂರಕ್ಕೆ ಕಳುಹಿಸಲಾಗಿದೆಯೆಂದು ಭಾವಿಸಿದನು. ಸ್ವರಗಳನ್ನು ಕಳುಹಿಸಬಹುದಾದರೆ ವ್ಯಂಜನಗಳನ್ನೂ ಏಕೆ ಕಳುಹಿಸಬಾರದು? ಇಡೀ ಮಾತನ್ನೇ ಏಕೆ ಕಳುಹಿಸಬಾರದು? ತಪ್ಪಾದ ಓದು ಸರಿಯಾದ ಪ್ರಶ್ನೆಯನ್ನು ಹುಟ್ಟಿಸಿತು.

ಆಗ ದೂರದ ಊರಿಗೆ ತ್ವರಿತವಾಗಿ ಸುದ್ದಿ ಕಳುಹಿಸಲು ಇದ್ದ ಸಾಧನ ತಂತಿ ವರ್ತಮಾನವೊಂದೇ. ಗುಂಡಿಯನ್ನು ಒತ್ತಿ ಬಿಟ್ಟು ಮಾಡಿದರೆ ವಿದ್ಯುತ್ ಪ್ರವಾಹವು ಹರಿದು ನಿಂತು, ಚುಕ್ಕೆ ಗೆರೆಗಳ ಸಂಕೇತವು ಇನ್ನೊಂದು ತುದಿಯಲ್ಲಿ ಮೂಡುತ್ತಿತ್ತು. ಸಂದೇಶಗಳ ಸಂಖ್ಯೆ ದಿನೇದಿನೇ ಏರುತ್ತಿದ್ದುದರಿಂದ, ಒಂದೇ ತಂತಿಯಲ್ಲಿ ಹಲವು ಸಂದೇಶಗಳನ್ನು ಒಮ್ಮೆಗೇ ಕಳುಹಿಸುವ ಉಪಾಯವನ್ನು ಕಂಡುಹಿಡಿದವನಿಗೆ ಅಪಾರ ಸಂಪತ್ತು ಕಾದಿತ್ತು. ಬೆಲ್ಲನು ತನ್ನ ಸಂಗೀತಜ್ಞಾನವನ್ನು ಇಲ್ಲಿ ಬಳಸಿದನು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮಿಡಿದರೆ ಮತ್ತೊಂದು ತಾನಾಗಿಯೇ ನಡುಗುತ್ತದೆ. ಬೇರೆ ಶ್ರುತಿಯ ತಂತಿ ಸುಮ್ಮನಿರುತ್ತದೆ. ಹಾಗೆಯೇ ಬೇರೆ ಬೇರೆ ಶ್ರುತಿಗಳ ಉಕ್ಕಿನ ಪಟ್ಟಿಗಳನ್ನು ಈ ತುದಿಯಲ್ಲಿ ನಡುಗಿಸಿ, ಅವುಗಳಿಂದ ಹುಟ್ಟಿದ ಪ್ರವಾಹಗಳನ್ನೆಲ್ಲ ಒಂದೇ ತಂತಿಗೆ ಹರಿಸಿದರೆ, ಆ ತುದಿಯಲ್ಲಿ ಪ್ರತಿಯೊಂದು ಪಟ್ಟಿಯೂ ತನ್ನ ಶ್ರುತಿಯ ಸಂದೇಶವನ್ನು ಮಾತ್ರ ಆರಿಸಿಕೊಳ್ಳಬೇಕು. ಇದಕ್ಕೆ ಅವನು ಹಾರ್ಮೋನಿಕ್ ಟೆಲಿಗ್ರಾಫ್ ಎಂದು ಹೆಸರಿಟ್ಟನು. ಈ ವಿಚಾರವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದು ಬೆಲ್ಲನ ಕೈಯಲ್ಲಿ ಪೂರ್ಣ ಫಲವನ್ನು ಕೊಡಲಿಲ್ಲ. ಆದರೆ ಒಂದು ಶತಮಾನದ ಅನಂತರ ಮತ್ತೆ ಚಿಗುರಿತು.

ಈ ಪ್ರಯೋಗಗಳಿಗೆ ಹಣವನ್ನು ಒದಗಿಸಿದವರು ಇಬ್ಬರು. ಒಬ್ಬನು ಥಾಮಸ್ ಸ್ಯಾಂಡರ್ಸ್. ಅವನ ಕಿವುಡ ಮಗನಿಗೆ ಬೆಲ್ಲನು ಪಾಠ ಹೇಳುತ್ತಿದ್ದನು. ಇನ್ನೊಬ್ಬನು ವಕೀಲನಾದ ಗಾರ್ಡಿನರ್ ಹಬ್ಬರ್ಡ್. ಬಾಲ್ಯದಲ್ಲಿ ಕೆಂಪುಜ್ವರದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡ ಅವನ ಮಗಳು ಮೇಬಲ್ ಬೆಲ್ಲನ ವಿದ್ಯಾರ್ಥಿನಿ. ವ್ಯವಹಾರಚತುರನಾದ ಹಬ್ಬರ್ಡನಿಗೆ ಬೇಕಾಗಿದ್ದುದು ಲಾಭ ತರುವ ತಂತಿ ಯಂತ್ರವೇ ಹೊರತು ಮಾತಾಡುವ ಯಂತ್ರವಲ್ಲ. ಮಾತಿನ ಗೀಳನ್ನು ಬಿಟ್ಟು ತಂತಿಯ ಕಡೆಗೆ ಗಮನ ಕೊಡಬೇಕೆಂದು ಅವನು ಬೆಲ್ಲನನ್ನು ಮತ್ತೆ ಮತ್ತೆ ಒತ್ತಾಯಪಡಿಸಿದನು. ಬೆಲ್ಲನಿಗೋ ಮೇಬಲಳ ಮೇಲೆ ಪ್ರೀತಿ ಹುಟ್ಟಿತ್ತು. ಹಣ ಕೊಡುವವನ ಮಾತನ್ನು ಮೀರಿದರೆ ಪ್ರಯೋಗವೂ ನಿಲ್ಲಬಹುದು, ವಿವಾಹದ ಆಸೆಯೂ ಮುರಿಯಬಹುದು. ಆದರೂ ಮಾತಿನ ವಿಚಾರವನ್ನು ಅವನು ಕೈಬಿಡಲಿಲ್ಲ.

1874ರ ಬೇಸಗೆಯಲ್ಲಿ ಅವನು ಮೃತ ಮನುಷ್ಯನ ಕಿವಿಯೊಂದನ್ನು ವೈದ್ಯಮಿತ್ರನಿಂದ ಪಡೆದು ಪರೀಕ್ಷೆ ನಡೆಸಿದನು. ಕಾಗದದಷ್ಟು ತೆಳುವಾದ ಕಿವಿಯ ತಮಟೆಯು ತನಗಿಂತ ಭಾರವಾದ ಮೂಳೆಗಳನ್ನು ಅಲುಗಿಸುವುದನ್ನು ಕಂಡು ಅವನಿಗೆ ಹೊಸ ಬೆಳಕು ಮೂಡಿತು. ತೆಳುಪೊರೆಯೊಂದು ಮೂಳೆಯನ್ನು ಅಲುಗಿಸಬಹುದಾದರೆ ಕಬ್ಬಿಣದ ತುಂಡನ್ನೂ ಅಲುಗಿಸಬಹುದು. ಆ ಕಬ್ಬಿಣವು ವಿದ್ಯುತ್ಕಾಂತದ ಮುಂದೆ ಅಲುಗಿದರೆ ಮಾತಿನ ಏರಿಳಿತಕ್ಕೆ ತಕ್ಕಂತೆ ಏರಿಳಿಯುವ ವಿದ್ಯುತ್ ಪ್ರವಾಹವು ಹುಟ್ಟಬಹುದು. ಆದರೆ ವಿದ್ಯುತ್ ಶಾಸ್ತ್ರದಲ್ಲಿ ತನ್ನ ತಿಳಿವಳಿಕೆ ಸಾಲದೆಂಬ ಅಳುಕು ಅವನಿಗಿತ್ತು. 1875ರ ಮಾರ್ಚಿಯಲ್ಲಿ ವಾಷಿಂಗ್ಟನ್ನಿನಲ್ಲಿ ಹಿರಿಯ ವಿಜ್ಞಾನಿ ಜೋಸೆಫ್ ಹೆನ್ರಿಯನ್ನು ಕಂಡು ಆ ಅಳುಕನ್ನು ತೋಡಿಕೊಂಡನು. ಹೆನ್ರಿಯು ಅವನಿಗೆ ಸಮಾಧಾನ ಹೇಳಲಿಲ್ಲ. ಇಲ್ಲದ ತಿಳಿವಳಿಕೆಯನ್ನು ಸಂಪಾದಿಸಿಕೊಳ್ಳಬೇಕೆಂದು ಮಾತ್ರ ಹೇಳಿದನು. ಆ ಒಂದು ಮಾತು ಬೆಲ್ಲನ ಬೆನ್ನು ತಟ್ಟಿತು.

ಕೈಕೆಲಸದಲ್ಲಿ ಅಷ್ಟೇನೂ ಪಳಗದ ಬೆಲ್ಲನಿಗೆ ಥಾಮಸ್ ವಾಟ್ಸನ್ ಎಂಬ ತರುಣ ಯಂತ್ರಕುಶಲಿ ಸಹಾಯಕನಾಗಿ ದೊರೆತನು. 1875ರ ಜೂನ್ 2ರಂದು ಇಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಶ್ರುತಿಪಟ್ಟಿಗಳನ್ನು ಪರೀಕ್ಷಿಸುತ್ತಿದ್ದರು. ವಾಟ್ಸನ್ನನ ಬಳಿ ಒಂದು ಪಟ್ಟಿ ಅಂಟಿಕೊಂಡು ನಿಂತಿತು. ಅವನು ಅದನ್ನು ಬಿಡಿಸಲೆಂದು ಬೆರಳಿನಿಂದ ಮೀಟಿದನು. ಆ ಮಿಡಿತದ ನಾದವು ಅದರ ಛಾಯೆಗಳೊಡನೆ ಬೆಲ್ಲನ ಕೋಣೆಯ ಪಟ್ಟಿಯಲ್ಲಿ ಕೇಳಿಬಂದಿತು. ಪ್ರವಾಹವನ್ನು ಕಡಿದು ಕಡಿದು ಕಳುಹಿಸಬೇಕಾಗಿಲ್ಲ. ಕಾಂತದ ಮುಂದೆ ಅಲುಗುವ ಒಂದು ಪಟ್ಟಿಯೇ ನಾದವನ್ನು ಹೊತ್ತೊಯ್ಯುವ ಪ್ರವಾಹವನ್ನು ಹುಟ್ಟಿಸಬಲ್ಲದೆಂದು ಬೆಲ್ಲನು ಆ ಕ್ಷಣದಲ್ಲಿಯೇ ಅರಿತನು. ಇತರರು ಗದ್ದಲವೆಂದು ತಳ್ಳಿಬಿಡಬಹುದಾಗಿದ್ದ ಆ ಸಣ್ಣ ಸದ್ದು, ವರ್ಷಗಳಿಂದ ಧ್ವನಿಯ ಧ್ಯಾನದಲ್ಲಿದ್ದ ಕಿವಿಗೆ ಅರ್ಥವಾಯಿತು.

ಬೆಲ್ಲನು ತನ್ನ ಪೇಟೆಂಟಿನ ಅರ್ಜಿಯನ್ನು ಸಿದ್ಧಪಡಿಸಿ, ಇಂಗ್ಲೆಂಡಿನಲ್ಲಿ ಮೊದಲು ಸಲ್ಲಿಸುವ ಉದ್ದೇಶದಿಂದ ಕಾಯುತ್ತಿದ್ದನು. ತಾಳ್ಮೆ ತಪ್ಪಿದ ಹಬ್ಬರ್ಡನು 1876ರ ಫೆಬ್ರವರಿ 14ರಂದು ಅದನ್ನು ವಾಷಿಂಗ್ಟನ್ನಿನಲ್ಲಿ ಸಲ್ಲಿಸಿಬಿಟ್ಟನು. ಅದೇ ದಿನ ಎಲಿಷಾ ಗ್ರೇ ಎಂಬ ಮತ್ತೊಬ್ಬ ಸಂಶೋಧಕನೂ ಮಾತನ್ನು ಕಳುಹಿಸುವ ಯಂತ್ರದ ಬಗೆಗೆ ಸೂಚನಾಪತ್ರವನ್ನು ಅದೇ ಕಚೇರಿಗೆ ಸಲ್ಲಿಸಿದನು. ಮಾರ್ಚ್ 7ರಂದು ಪೇಟೆಂಟು ಬೆಲ್ಲನಿಗೆ ದೊರೆಯಿತು. ಮಾರ್ಚ್ 10ರಂದು ಅವನು ಆಮ್ಲ ಬೆರಸಿದ ನೀರಿನಲ್ಲಿ ಮುಳುಗಿ ಏಳುವ ಸೂಜಿಯುಳ್ಳ ಯಂತ್ರದ ಮುಂದೆ ನಿಂತು, ಪಕ್ಕದ ಕೋಣೆಯ ವಾಟ್ಸನ್ನನನ್ನು ತನ್ನ ಬಳಿಗೆ ಬರಹೇಳಿದನು. ವಾಟ್ಸನ್ನನು ಓಡಿಬಂದು, ಕರೆದ ಮಾತು ತಂತಿಯಲ್ಲಿ ಸ್ಪಷ್ಟವಾಗಿ ಕೇಳಿಸಿತೆಂದು ತಿಳಿಸಿದನು. ಬೆಲ್ಲನಿಗೆ ಆಗ ಇಪ್ಪತ್ತೊಂಬತ್ತು ವರ್ಷ.

ಆ ವರ್ಷ ಫಿಲಡೆಲ್ಫಿಯ ನಗರದಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ಪ್ರದರ್ಶನ ನಡೆಯಿತು. ಶಿಷ್ಯರ ಪರೀಕ್ಷೆಗಳು ಹತ್ತಿರವಾಗಿದ್ದುದರಿಂದ ಬೆಲ್ಲನಿಗೆ ಹೋಗಲು ಇಷ್ಟವಿರಲಿಲ್ಲ. ಮೇಬಲಳು ಹಟ ಹಿಡಿದು ಅವನನ್ನು ರೈಲು ಹತ್ತಿಸಿದಳು. ಜೂನ್ 25ರಂದು ಬ್ರೆಝಿಲ್ ದೇಶದ ಚಕ್ರವರ್ತಿ ಪೆಡ್ರೋ, ಹಿಂದೆ ಬೆಲ್ಲನ ಕಿವುಡ ಶಿಷ್ಯರ ತರಗತಿಯನ್ನು ಕಂಡಿದ್ದವನಾದುದರಿಂದ, ಅವನನ್ನು ಗುರುತಿಸಿ ತೀರ್ಪುಗಾರರೊಡನೆ ಅವನ ಯಂತ್ರದ ಬಳಿಗೆ ಬಂದನು. ತಂತಿಯಿಂದ ಮಾತು ಕೇಳಿದ ಚಕ್ರವರ್ತಿಯೂ, ತೀರ್ಪುಗಾರರಲ್ಲೊಬ್ಬನಾದ ಪ್ರಸಿದ್ಧ ವಿಜ್ಞಾನಿ ವಿಲಿಯಂ ಥಾಮ್ಸನ್ನನೂ ವಿಸ್ಮಯಗೊಂಡರು. ದೂರವಾಣಿ ಲೋಕಪ್ರಸಿದ್ಧವಾಯಿತು. 1877ರ ಜುಲೈಯಲ್ಲಿ ಬೆಲ್ ದೂರವಾಣಿ ಸಂಸ್ಥೆ ಹುಟ್ಟಿತು. ಅದೇ ತಿಂಗಳು ಬೆಲ್ಲನು ಮೇಬಲಳನ್ನು ವಿವಾಹವಾದನು. ಹತ್ತು ಷೇರುಗಳನ್ನು ಮಾತ್ರ ಉಳಿಸಿಕೊಂಡು ಸಂಸ್ಥೆಯಲ್ಲಿನ ತನ್ನ ಉಳಿದ ಷೇರುಗಳನ್ನೆಲ್ಲ ಆಕೆಗೆ ಉಡುಗೊರೆಯಾಗಿ ಕೊಟ್ಟನು.

ಕೀರ್ತಿಯ ಹಿಂದೆಯೇ ಕಲಹವೂ ಬಂದಿತು. ಪೇಟೆಂಟಿನ ವಿಷಯವಾಗಿ ನೂರಾರು ಮೊಕದ್ದಮೆಗಳು ನಡೆದವು. 1888ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಬೆಲ್ಲನ ಹಕ್ಕನ್ನು ಎತ್ತಿಹಿಡಿಯಿತು. ಆದರೂ ದೂರವಾಣಿ ಒಬ್ಬನ ಬುದ್ಧಿಯಿಂದ ಮಾತ್ರ ಹುಟ್ಟಿದುದಲ್ಲ. ಜರ್ಮನಿಯ ಫಿಲಿಪ್ ರೈಸನು 1861ರಲ್ಲಿಯೇ ಧ್ವನಿಯನ್ನು ತಂತಿಯಲ್ಲಿ ಕಳುಹಿಸಲು ಯತ್ನಿಸಿದ್ದನು. ಬಡತನದಲ್ಲಿ ತೊಳಲಿದ ಇಟಲಿಯ ಆಂತೋನಿಯೊ ಮ್ಯೂಚ್ಚಿಯು 1871ರಲ್ಲಿ ಸೂಚನಾಪತ್ರವನ್ನು ಸಲ್ಲಿಸಿದ್ದರೂ ಮುಂದೆ ಅದನ್ನು ಊರ್ಜಿತದಲ್ಲಿ ಇರಿಸಿಕೊಳ್ಳಲಾರದೆ ಹೋದನು. 2002ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯು ಅವನ ಸೇವೆಯನ್ನು ಸ್ಮರಿಸಿತು. ದೂರಕ್ಕೂ ಗಟ್ಟಿಯಾಗಿ ಕೇಳಿಸುವಂತೆ ಮಾಡಿದ ಇಂಗಾಲದ ಧ್ವನಿಪ್ರೇಷಕವನ್ನು ಸುಧಾರಿಸಿದವರಲ್ಲಿ ಎಡಿಸನ್ನನು ಮುಖ್ಯನು. ಹಲವರು ಹತ್ತಿದ ಮೆಟ್ಟಿಲುಗಳ ಮೇಲೆ ನಿಂತು ಬೆಲ್ಲನು ಶಿಖರವನ್ನು ಮುಟ್ಟಿದನೆಂದರೆ ಅವನ ಕೀರ್ತಿಗೆ ಕುಂದಿಲ್ಲ.

ದೂರವಾಣಿಗಳು ಹೆಚ್ಚಿದಂತೆ ಹೊಸ ತೊಡಕೊಂದು ತಲೆದೋರಿತು. ಮೊದಲಿಗೆ ಮಾತಿಗೆ ಒಂದೇ ತಂತಿಯನ್ನು ಎಳೆದು, ಮರಳುವ ಪ್ರವಾಹಕ್ಕೆ ಭೂಮಿಯನ್ನೇ ದಾರಿ ಮಾಡುತ್ತಿದ್ದರು. ಪಕ್ಕದ ತಂತಿಯ ಪ್ರವಾಹವು ಪ್ರೇರಣೆಯಿಂದ ಈ ತಂತಿಯಲ್ಲಿಯೂ ಪ್ರವಾಹವನ್ನು ಹುಟ್ಟಿಸುತ್ತಿತ್ತು. ಹೀಗಾಗಿ ಒಬ್ಬರ ಮಾತಿನ ನಡುವೆ ಮತ್ತೊಬ್ಬರ ಮಾತೂ ತಂತಿ ವರ್ತಮಾನದ ಟಕಟಕ ಸದ್ದೂ ನುಸುಳುತ್ತಿದ್ದುವು. 1881ರ ಜುಲೈಯಲ್ಲಿ ಬೆಲ್ಲನು ಇದಕ್ಕೆ ಪರಿಹಾರವೊಂದರ ಪೇಟೆಂಟನ್ನು ಪಡೆದನು. ಭೂಮಿಯನ್ನು ಬಿಟ್ಟು, ಹೋಗಲು ಒಂದು, ಮರಳಲು ಒಂದು ಎಂದು ಎರಡು ತಂತಿಗಳನ್ನು ತೆಗೆದುಕೊಂಡು, ಅವೆರಡನ್ನೂ ಹಗ್ಗದಂತೆ ಹೊಸೆಯುವುದೇ ಆ ಪರಿಹಾರ. ಹೊಸೆದಾಗ ಎರಡು ತಂತಿಗಳೂ ಸರದಿಯಂತೆ ಹೊರಗಿನ ತಂತಿಯ ಸಮೀಪಕ್ಕೆ ಬರುತ್ತವೆ. ಎರಡರ ಮೇಲೆಯೂ ಸಮನಾದ ಪ್ರೇರಣೆ ಉಂಟಾಗುತ್ತದೆ. ದೂರವಾಣಿಯು ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ ಗ್ರಹಿಸುವುದರಿಂದ, ಸಮನಾದ ಗದ್ದಲಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಮಾತು ಮಾತ್ರ ಉಳಿಯುತ್ತದೆ. ಇಂದಿಗೂ ದೂರವಾಣಿಯ ತಂತಿಗಳನ್ನೂ ಗಣಕಯಂತ್ರಗಳನ್ನು ಜೋಡಿಸುವ ತಂತಿಗಳನ್ನೂ ಹೊಸೆದೇ ತಯಾರಿಸುತ್ತಾರೆ.

ಅದೇ 1881 ಬೆಲ್ಲನಿಗೆ ದುಃಖದ ವರ್ಷವೂ ಆಯಿತು. ಗುಂಡೇಟಿಗೆ ಗುರಿಯಾದ ಅಧ್ಯಕ್ಷ ಗಾರ್ಫೀಲ್ಡನ ದೇಹದಲ್ಲಿ ಗುಂಡು ಎಲ್ಲಿದೆಯೆಂದು ಪತ್ತೆಮಾಡಲು ಅವನು ವಿದ್ಯುತ್ ಪ್ರೇರಣೆಯಿಂದಲೇ ನಡೆಯುವ ಲೋಹಶೋಧಕವನ್ನು ಹಗಲಿರುಳು ದುಡಿದು ರಚಿಸಿದನು. ಆ ಯತ್ನವು ಫಲಿಸಲಿಲ್ಲ. ಆಗಲೇ ಅವನ ನವಜಾತ ಗಂಡುಮಗು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಶೋಕದಲ್ಲಿಯೂ ಕೈಕಟ್ಟಿ ಕೂರದ ಬೆಲ್ಲನು, ಉಸಿರಾಡಲಾರದವರ ಎದೆಗೆ ಗಾಳಿಯ ಒತ್ತಡದಿಂದ ನೆರವಾಗುವ ಕವಚವೊಂದನ್ನು ನಿರ್ಮಿಸಿದನು. ಇದಕ್ಕೆ ಒಂದು ವರ್ಷ ಹಿಂದೆ, 1880ರಲ್ಲಿ, ಟೈಂಟರ್ ಎಂಬ ಸಹೋದ್ಯೋಗಿಯೊಡನೆ ಅವನು ತಂತಿಯೇ ಇಲ್ಲದೆ ಬೆಳಕಿನ ಕಿರಣದ ಮೇಲೆ ಮಾತನ್ನು ಸುಮಾರು 200 ಮೀಟರ್ ದೂರ ಕಳುಹಿಸಿದ್ದನು. ಆ ಯಂತ್ರವು ಆಗ ಬಳಕೆಗೆ ಬರಲಿಲ್ಲವಾದರೂ, ತನ್ನ ಆವಿಷ್ಕಾರಗಳಲ್ಲೆಲ್ಲ ಅದೇ ಶ್ರೇಷ್ಠವೆಂದು ಬೆಲ್ಲನು ಎಣಿಸಿದ್ದನು.

ಕೀರ್ತಿವಂತನಾದ ಮೇಲೂ ಅವನು ತನ್ನನ್ನು ಕಿವುಡರ ಉಪಾಧ್ಯಾಯನೆಂದೇ ಕರೆದುಕೊಳ್ಳುತ್ತಿದ್ದನು. ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡಿದ್ದ ಬಾಲಕಿ ಹೆಲೆನ್ ಕೆಲ್ಲರಳ ತಂದೆಗೆ ಸರಿಯಾದ ದಾರಿಯನ್ನು ತೋರಿಸಿದವನು ಅವನೇ. ಆಕೆ 1903ರಲ್ಲಿ ತನ್ನ ಆತ್ಮಕಥೆಯನ್ನು ಅವನಿಗೆ ಅರ್ಪಿಸಿದಳು. ಆದರೆ ಈ ಕ್ಷೇತ್ರದಲ್ಲಿ ಅವನ ಅಭಿಪ್ರಾಯಗಳೆಲ್ಲ ಸರಿಯಾಗಿರಲಿಲ್ಲ. ಕಿವುಡರು ತುಟಿಯನ್ನು ನೋಡಿ ಗ್ರಹಿಸಿ ಬಾಯಿಂದಲೇ ಮಾತನಾಡಬೇಕು, ಸನ್ನೆಯ ಭಾಷೆಯನ್ನು ಬಿಡಬೇಕೆಂದು ಅವನು ವಾದಿಸಿದನು. ಕಿವುಡರು ಪರಸ್ಪರ ಮದುವೆಯಾಗುವುದಕ್ಕೆ ಪ್ರೋತ್ಸಾಹ ಕೊಡಬಾರದೆಂದೂ ಬರೆದನು. ಇಂತಹ ವಾದಗಳಿಂದಾಗಿ ಅನೇಕ ಶಾಲೆಗಳಲ್ಲಿ ಮಕ್ಕಳಿಗೆ ಸಹಜವಾದ ಸನ್ನೆಯ ಮಾತು ನಿಷೇಧವಾಯಿತು. ಸನ್ನೆಯ ಭಾಷೆಗಳು ವ್ಯಾಕರಣಬದ್ಧವಾದ ಪೂರ್ಣ ಭಾಷೆಗಳೆಂಬುದನ್ನು ಭಾಷಾವಿಜ್ಞಾನಿಗಳು ಮುಂದೆ ತೋರಿಸಿಕೊಟ್ಟರು. ಸದುದ್ದೇಶವಿದ್ದರೂ, ಯಾರ ಹಿತವನ್ನು ಬಯಸುತ್ತೇವೆಯೋ ಅವರ ಮಾತಿಗೇ ಕಿವಿಗೊಡದಿದ್ದರೆ ದೊಡ್ಡವರೂ ತಪ್ಪುತ್ತಾರೆಂಬುದಕ್ಕೆ ಇದು ನಿದರ್ಶನ.

ಬೆಲ್ಲನು ತನ್ನ ಉತ್ತರವಯಸ್ಸಿನ ಬಹುಕಾಲವನ್ನು ಕೆನಡಾದ ಬೆಡೆಕ್ ಎಂಬ ಹಳ್ಳಿಯ ಬಳಿಯ ತನ್ನ ಮನೆಯಲ್ಲಿ ಗಾಳಿಪಟ, ವಿಮಾನ, ನೀರಿನ ಮೇಲೆ ತೇಲಿ ಓಡುವ ದೋಣಿಗಳ ಪ್ರಯೋಗಗಳಲ್ಲಿ ಕಳೆದನು. 1915ರ ಜನವರಿ 25ರಂದು ಅಮೆರಿಕದ ಪೂರ್ವ ಪಶ್ಚಿಮ ತೀರಗಳನ್ನು ಜೋಡಿಸುವ ಸುಮಾರು 5,500 ಕಿಲೋಮೀಟರ್ ಉದ್ದದ ದೂರವಾಣಿ ಮಾರ್ಗ ಉದ್ಘಾಟನೆಯಾಯಿತು. ನ್ಯೂಯಾರ್ಕಿನಲ್ಲಿ ಕುಳಿತ ಬೆಲ್ಲನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ವಾಟ್ಸನ್ನನನ್ನು ಮೂವತ್ತೊಂಬತ್ತು ವರ್ಷಗಳ ಹಿಂದಿನಂತೆಯೇ ತನ್ನ ಬಳಿಗೆ ಬರಹೇಳಿದನು. ಈ ಸಲ ಬರಲು ಒಂದು ವಾರ ಬೇಕೆಂದು ವಾಟ್ಸನ್ನನು ನಗುತ್ತ ಉತ್ತರಿಸಿದನಂತೆ. 1922ರ ಆಗಸ್ಟ್ 2ರಂದು ಬೆಲ್ಲನು ಕಾಲವಾದನು. ಅವನ ಅಂತ್ಯಕ್ರಿಯೆಯ ವೇಳೆಗೆ ಅಮೆರಿಕ, ಕೆನಡಾಗಳ ದೂರವಾಣಿಗಳೆಲ್ಲ ಒಂದು ನಿಮಿಷ ಮೌನವಾಗಿದ್ದುವು. ಧ್ವನಿಯ ಮಟ್ಟವನ್ನು ಅಳೆಯುವ ಡೆಸಿಬೆಲ್ ಎಂಬ ಮಾನದಲ್ಲಿ ಅವನ ಹೆಸರು ಉಳಿದಿದೆ.

ನಮ್ಮ ದೇಶದಲ್ಲಿ 1882ರ ಜನವರಿಯಲ್ಲಿಯೇ ಕಲ್ಕತ್ತ, ಮದರಾಸು, ಮುಂಬಯಿ ನಗರಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದಿದ್ದುವು. ಸ್ವಾತಂತ್ರ್ಯಾನಂತರ 1948ರಲ್ಲಿ ದೂರವಾಣಿಗಳನ್ನು ನಮ್ಮಲ್ಲಿಯೇ ತಯಾರಿಸಲು ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂಬ ಹೆಸರೇ ಬಂದಿದೆ.

ಬೆಲ್ಲನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಗಣಕಯಂತ್ರಗಳು ಪರಸ್ಪರ ಸಂಪರ್ಕ ಬೆಳೆಸುವ ಕಾಲ ಬಂದಾಗ, ಎಲ್ಲ ಮನೆಗಳಿಗೂ ಹೊಸ ತಂತಿಯನ್ನು ಎಳೆಯುವುದು ಬಹು ವೆಚ್ಚದ ಕೆಲಸವಾಗಿತ್ತು. ಆದರೆ ದೂರವಾಣಿಯ ಜೋಡಿ ತಂತಿ ಆಗಲೇ ಕೋಟ್ಯಂತರ ಮನೆಗಳನ್ನು ಮುಟ್ಟಿತ್ತು. ಮೊದಲಿಗೆ ಮೋಡೆಮ್ ಎಂಬ ಸಾಧನವು ಗಣಕದ ಸಂಕೇತಗಳನ್ನು ಧ್ವನಿಯಾಗಿ ಮಾರ್ಪಡಿಸಿ, ಮಾತಿನಂತೆಯೇ ಕಳುಹಿಸುತ್ತಿತ್ತು. ಅದರ ಗರಿಷ್ಠ ವೇಗ ಸೆಕೆಂಡಿಗೆ 56 ಸಾವಿರ ಬಿಟ್‌ಗಳು ಮಾತ್ರ. ಈ ಮಿತಿಯು ತಂತಿಯದಲ್ಲ. ಮಾತು ಅರ್ಥವಾಗಲು ಸೆಕೆಂಡಿಗೆ 300ರಿಂದ 3,400ರವರೆಗಿನ ಕಂಪನಗಳು ಸಾಕೆಂದು, ದೂರವಾಣಿ ವ್ಯವಸ್ಥೆಯು ಅದಕ್ಕಿಂತ ಮೇಲಿನ ಕಂಪನಗಳನ್ನು ಹೊರಗಿಡುತ್ತಿತ್ತು. ಕೆರೆಯ ತುಂಬ ನೀರಿದ್ದರೂ ತೂಬು ಕಿರಿದಾಗಿದ್ದರೆ ಗದ್ದೆಗೆ ಹರಿಯುವುದು ಸ್ವಲ್ಪವೇ. ತಾಮ್ರದ ಜೋಡಿ ತಂತಿಯೋ ಕೆಲವು ಕಿಲೋಮೀಟರುಗಳವರೆಗೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಮಿಕ್ಕಿದ ಕಂಪನಗಳನ್ನು ಒಯ್ಯಬಲ್ಲುದಾಗಿತ್ತು.

1980ರ ದಶಕದ ಕೊನೆಯಿಂದ ವಿಜ್ಞಾನಿಗಳು ಈ ಬರಿದಾದ ಹರವನ್ನು ಬಳಸಿಕೊಳ್ಳುವ ವಿಧಾನವನ್ನು ರೂಪಿಸಿದರು. ತಂತಿಯ ಕೆಳಗಿನ 4 ಸಾವಿರ ಕಂಪನಗಳ ಪಟ್ಟಿಯನ್ನು ಮಾತಿಗೆ ಬಿಟ್ಟು, ಸುಮಾರು 11 ಲಕ್ಷ ಕಂಪನಗಳವರೆಗಿನ ಹರವನ್ನು ತಲಾ ಸುಮಾರು 4 ಸಾವಿರ ಕಂಪನಗಳಷ್ಟು ಅಗಲದ 256 ಸಣ್ಣ ಕಾಲುವೆಗಳಾಗಿ ವಿಂಗಡಿಸಿದರು. ಮನೆಯ ಮೋಡೆಮ್ ಮತ್ತು ವಿನಿಮಯ ಕೇಂದ್ರದ ಯಂತ್ರಗಳು ಮೊದಲು ಒಂದೊಂದು ಕಾಲುವೆಯನ್ನೂ ಪರೀಕ್ಷಿಸುತ್ತವೆ. ಗದ್ದಲ ಕಡಿಮೆಯಿರುವಲ್ಲಿ ಹೆಚ್ಚು ಬಿಟ್‌ಗಳನ್ನೂ, ಹೆಚ್ಚಿರುವಲ್ಲಿ ಕಡಿಮೆ ಬಿಟ್‌ಗಳನ್ನೂ ತುಂಬಿ, ಎಲ್ಲವನ್ನೂ ಒಟ್ಟಿಗೆ ಕಳುಹಿಸುತ್ತವೆ. ಮನೆಯಲ್ಲಿನ ಪುಟ್ಟ ಶೋಧಕವೊಂದು ಮಾತನ್ನು ದೂರವಾಣಿಯ ಕಡೆಗೂ ಉಳಿದುದನ್ನು ಮೋಡೆಮಿನ ಕಡೆಗೂ ಬೇರ್ಪಡಿಸುತ್ತದೆ. ಆದುದರಿಂದ ಒಬ್ಬರು ಮಾತನಾಡುತ್ತಿರುವಾಗಲೇ ಇನ್ನೊಬ್ಬರು ಅಂತರಜಾಲವನ್ನು ಬಳಸಬಹುದು. ಒಂದೇ ತಂತಿಯಲ್ಲಿ ಬೇರೆ ಬೇರೆ ಶ್ರುತಿಗಳ ಮೇಲೆ ಹಲವು ಸಂದೇಶಗಳನ್ನು ಕಳುಹಿಸಬೇಕೆಂಬ ಬೆಲ್ಲನ ಹಳೆಯ ಕನಸೇ ಇಲ್ಲಿ ಹೊಸ ರೂಪದಲ್ಲಿ ನನಸಾಯಿತು. ಉಕ್ಕಿನ ಪಟ್ಟಿಗಳು ಮಾಡಬೇಕಾಗಿದ್ದ ಕೆಲಸವನ್ನು ಈಗ ಗಣಿತವು ಮಾಡಿತು.

ಒಂದು ಕೇಂದ್ರಕ್ಕೆ ನೂರಾರು ಜೋಡಿಗಳು ಒಂದೇ ಕಟ್ಟಿನಲ್ಲಿ ಬಂದು ಸೇರುತ್ತವೆ. ಅಲ್ಲಿಂದ ಹೊರಡುವ ಸಂಕೇತಗಳು ಪ್ರಬಲ. ದೂರದ ಮನೆಗಳಿಂದ ಬಂದು ತಲಪುವ ಸಂಕೇತಗಳು ಕ್ಷೀಣ. ಪಕ್ಕಪಕ್ಕದಲ್ಲಿದ್ದರೆ ಪ್ರಬಲವಾದುದು ಕ್ಷೀಣವಾದುದನ್ನು ಮುಳುಗಿಸುತ್ತದೆ. ಆದುದರಿಂದ ಮನೆಗೆ ಬರುವ ಸಂಕೇತಕ್ಕೆ ಅಗಲವಾದ ಹರವನ್ನೂ ಮನೆಯಿಂದ ಹೋಗುವುದಕ್ಕೆ ಕಿರಿದಾದುದನ್ನೂ ಬೇರೆಬೇರೆಯಾಗಿ ಇಡಬೇಕೆಂದು ಅಮೆರಿಕದ ಜೋಸೆಫ್ ಲೆಕ್‌ಲೈಡರ್ ಸೂಚಿಸಿದನು. ಅವನು ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿಯೂ ಬೆಲ್ಲನ ಹೆಸರು ಸೇರಿತ್ತೆಂಬುದು ಗಮನಾರ್ಹ. ಈ ಬಗೆಯ ಸಂಪರ್ಕಕ್ಕೆ ಎಡಿಎಸ್ಎಲ್ ಎಂದು ಹೆಸರು. ಅದರ ಮೊದಲ ರೂಪವೇ ಸೆಕೆಂಡಿಗೆ ಸುಮಾರು 80 ಲಕ್ಷ ಬಿಟ್‌ಗಳನ್ನು ಮನೆಗೆ ತರಬಲ್ಲುದಾಗಿತ್ತು. ಆದರೆ ಕಂಪನಗಳು ಹೆಚ್ಚಿದಷ್ಟೂ ತಂತಿಯಲ್ಲಿ ಸಂಕೇತವು ಬೇಗ ಕ್ಷೀಣಿಸುವುದರಿಂದ, ಕೇಂದ್ರಕ್ಕೆ ದೂರವಾದಂತೆ ವೇಗವೂ ಕುಗ್ಗುತ್ತದೆ. ಸುಮಾರು 5 ಕಿಲೋಮೀಟರುಗಳಾಚೆಗೆ ಅದರ ಉಪಯೋಗ ಬಹಳ ಕಡಿಮೆ. ಮಾತು ದೂರಕ್ಕೆ ಸ್ಪಷ್ಟವಾಗಿ ಕೇಳಿಸಲೆಂದು ಹಿಂದಿನವರು ಕೆಲವು ಮಾರ್ಗಗಳಲ್ಲಿ ಅಳವಡಿಸಿದ್ದ ತಂತಿಸುರುಳಿಗಳು ಮೇಲಿನ ಕಂಪನಗಳನ್ನು ತಡೆಯುತ್ತಿದ್ದುದರಿಂದ ಅವುಗಳನ್ನು ಕಿತ್ತುಹಾಕಬೇಕಾಯಿತು. ಒಂದು ಕಾಲದ ಉಪಕಾರವು ಇನ್ನೊಂದು ಕಾಲಕ್ಕೆ ಅಡ್ಡಿಯಾಗುವುದೂ ಉಂಟು. ಭಾರತದಲ್ಲಿ 2005ರಲ್ಲಿ ಭಾರತ ಸಂಚಾರ ನಿಗಮವು ಈ ಬಗೆಯ ಬ್ರಾಡ್‌ಬ್ಯಾಂಡ್ ಸೇವೆಯನ್ನು ದೂರವಾಣಿ ತಂತಿಗಳ ಮೇಲೆ ಆರಂಭಿಸಿತು.

ಈಗ ತಾಮ್ರದ ಸ್ಥಳವನ್ನು ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳು ಆಕ್ರಮಿಸುತ್ತಿವೆ. ಅವುಗಳಲ್ಲಿ ಸಂದೇಶವನ್ನು ಹೊರುವುದು ಬೆಳಕು. ಮಾತನ್ನು ಬೆಳಕಿನ ಮೇಲೇರಿಸಿದ 1880ರ ಪ್ರಯೋಗವು ಇಲ್ಲಿ ನೆನಪಾಗದೆ ಇರದು. ಬೆಲ್ಲನು ವೇಗದ ಅಂತರಜಾಲವನ್ನು ಕನಸಿನಲ್ಲಿಯೂ ಕಂಡವನಲ್ಲ. ಕಿವುಡಾದ ತಾಯಿಗೆ ತನ್ನ ಮಾತು ಮುಟ್ಟಬೇಕೆಂದು ಬಯಸಿದ ಬಾಲಕನು, ಧ್ವನಿಯ ಗುಟ್ಟನ್ನು ಅರಸುತ್ತ ಹೋಗಿ, ಮುಂದಿನ ಪೀಳಿಗೆಗಳಿಗೆ ದಾರಿಯನ್ನು ಮಾಡಿಕೊಟ್ಟನು. ಅವನ ಕಾಲದಲ್ಲಿ ಸೋತಂತೆ ಕಂಡ ಪ್ರಯೋಗಗಳೂ ತಕ್ಕ ಕಾಲ ಬಂದಾಗ ಫಲ ಕೊಟ್ಟುವು. ಶ್ರದ್ಧೆಯಿಂದ ಮಾಡಿದ ಕೆಲಸವು, ಮಾಡಿದವನ ಬಾಳಿಗಿಂತ ದೀರ್ಘವಾದ ಬಾಳನ್ನು ಪಡೆಯುತ್ತದೆ.